ಕಾಣದ ಕೆಂಪು ಗುರುತುಗಳು

ತುರುವೇಕೆರೆ
೧೭ ನವೆಂಬರ್ ೧೯೮೫, ಭಾನುವಾರ

ಚಿ. ಗಿರಿಜಾಂಬಿಕಾಳಿಗೆ, ನಿನ್ನ ಅಪ್ಪನ ಆಶೀರ್ವಾದಗಳು.

ಮೊದಲು ಬೈಸಿಕೊಂಡುಬಿಡುತ್ತೇನೆ. ನಿನ್ನ ಕಾಗದ ಬಂದು ಆರು ವಾರವಾಯಿತು. ಆಮೇಲೆ ನೀನು ಹಾಕಿದ ಕಾರ್ಡೂ ಬಂತು, ‘ಕಾಗದ ತಲುಪಿತೇ ಅಪ್ಪಾಜಿ?’ ಎಂದು. ತಲುಪಿತಮ್ಮ. ದೀಪಾವಳಿಗೆ ಮೈಸೂರಿನಿಂದ ಬರಲಾಗುವುದಿಲ್ಲ ಎಂದು ನೀನು ಬರೆದಾಗ ನನಗೆ ಬೇಸರವಾಗಬೇಕಿತ್ತು. ನಿಜ ಹೇಳುತ್ತೇನೆ, ಸಮಾಧಾನವಾಯಿತು. ಎದುರಿಗೆ ಕೂತು ಹೇಳಬೇಕಾದ್ದನ್ನು ಇನ್ನಷ್ಟು ದಿನ ಮುಂದಕ್ಕೆ ಹಾಕಬಹುದಲ್ಲ ಎಂದುಕೊಂಡೆ. ಪರೀಕ್ಷೆಯ ದಿನವೇ ಹೊಟ್ಟೆನೋವು ಬರಿಸಿಕೊಳ್ಳುವ ಹುಡುಗರನ್ನು ಮೂವತ್ತು ವರ್ಷ ಗದರಿಸಿದ ಮೇಷ್ಟರು ನಾನು. ನನ್ನ ಹೊಟ್ಟೆನೋವು ಆರು ವಾರ ನಡೆಯಿತು.

ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ತೋಟದ ಆಳು ಸಣ್ಣತಿಮ್ಮಯ್ಯ ಹೋದ ವಾರ ಕಾಯಿ ಕೆಡವಿದ, ಎಲ್ಲವನ್ನೂ ಅಟ್ಟಕ್ಕೆ ಹಾಕಿಸಿದ್ದೇನೆ. ಹಳೆಯ ಕಾಯಿ ಇನ್ನೂ ಒಂದು ಮೂಲೆಯಲ್ಲಿವೆ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನುತ್ತದೆ, ಇನ್ನು ಸುಲಿಸಬೇಕು. ಶಾಲೆಗೆ ಹೊಸ ಹೆಡ್ಮಾಸ್ಟರು ಬಂದಿದ್ದಾರೆ. ಗಂಟೆ ಹೊಡೆಯುವುದಕ್ಕೆ ಮೊದಲೇ ಗೇಟಿನಲ್ಲಿ ನಿಂತು ಯಾರು ತಡ ಎಂದು ನೋಡುತ್ತಾರೆ. ನನಗೆ ಉಳಿದಿರುವುದು ಏಳು ತಿಂಗಳ ಸರ್ವಿಸು, ಈಗ ತಿದ್ದಿ ಏನು ಪ್ರಯೋಜನ ಎಂದು ನನ್ನನ್ನು ಬಿಟ್ಟಿದ್ದಾರೆ.

ಈಗ ನಿನ್ನ ಸಂಶೋಧನೆಯ ಹಾಳೆಗಳ ವಿಷಯಕ್ಕೆ ಬರುತ್ತೇನೆ. ಬೇಸಿಗೆ ರಜೆಯಲ್ಲಿ ನೀನು ಅವನ್ನು ನನ್ನ ಮೇಜಿನ ಮೇಲೆ ಹರಡಿದ ದಿನ ನೆನಪಿದೆಯೇ? ಮೇಲಿನ ಸಾಲಿನಲ್ಲಿ ಮನುಷ್ಯನ ಹಿಮೋಗ್ಲೋಬಿನ್ನಿನ ಜೀನು, ಕೆಳಗಿನ ಸಾಲಿನಲ್ಲಿ ಮೊಲದ್ದು. ಇರುವುದು ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲವನ್ನು ಕರೆಯುತ್ತವೆ, ಅವನ್ನು ಸಾಲಾಗಿ ಪೋಣಿಸಿದರೆ ಪ್ರೋಟೀನು. ಎರಡು ಸಾಲಿನಲ್ಲಿ ಅಕ್ಷರ ಬೇರೆಯಾಗಿ, ಅಮೈನೋ ಆಮ್ಲವೂ ಬೇರೆಯಾಗಿದ್ದರೆ ಕೆಂಪು ಪೆನ್ಸಿಲಿನ ಗುರುತು ಹಾಕಬೇಕು. ಅಕ್ಷರ ಬೇರೆಯಾದರೂ ಅಮೈನೋ ಆಮ್ಲ ಅದೇ ಇದ್ದರೆ ನೀಲಿ. ‘ನಾನು ಎಣಿಸಿದ್ದೇನೆ, ನನ್ನ ಲೆಕ್ಕ ನೋಡದೆ ನೀವೂ ಎಣಿಸಿ ಅಪ್ಪಾಜಿ’ ಎಂದಿದ್ದೆ. ಮಗಳು ಅಪ್ಪನಿಗೆ ಮನೆಗೆಲಸ ಕೊಟ್ಟು ಹೋದಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ನೀಲಿ ಬಹಳ ಬಂತು, ಹೆಚ್ಚಾಗಿ ಮೂರನೆಯ ಅಕ್ಷರದಲ್ಲಿ. ಕೆಂಪು ಅದಕ್ಕಿಂತ ಕಡಿಮೆ. ಹತ್ತನೆಯ ಕ್ಲಾಸಿಗೆ ಇದನ್ನು ಹೇಳಿಯೂ ಬಿಟ್ಟೆ. ಕಾಯಿಯ ಸಿಪ್ಪೆಯ ಮೇಲೆ ನೂರು ಗೀರು ಬಿದ್ದರೂ ಕೊಬ್ಬರಿಗೆ ಏನಾಗುವುದಿಲ್ಲ, ಕಣ್ಣಿನ ಹತ್ತಿರ ಕೂದಲಿನಷ್ಟು ಬಿರುಕು ಬಿಟ್ಟರೆ ಒಳಗಿನದೆಲ್ಲ ಕೊಳೆಯುತ್ತದೆ, ಹಾಗೇ ಇದು ಎಂದೆ. ಹುಡುಗರಿಗೆ ಅರ್ಥವಾಯಿತು. ಆದರೆ ನನಗೇ ಒಂದು ಅನುಮಾನ ಉಳಿಯಿತು. ಕಣ್ಣು ಮುಚ್ಚಿಕೊಂಡು ಯಾವುದೋ ಒಂದು ಅಕ್ಷರ ಬದಲಾಯಿಸಿದರೆ ನಾಲ್ಕು ಸಲದಲ್ಲಿ ಮೂರು ಸಲ ಅಮೈನೋ ಆಮ್ಲ ಬದಲಾಗಬೇಕು, ನೀನು ಬರೆದುಕೊಟ್ಟ ಪಟ್ಟಿ ಇಟ್ಟುಕೊಂಡು ನಾನೇ ನೋಡಿದೆ. ಅಂದ ಮೇಲೆ ಹಾಳೆಯಲ್ಲಿ ಕೆಂಪೇ ಹೆಚ್ಚಿರಬೇಕಲ್ಲ? ಮೂರು ಸಲ ಎಣಿಸಿದೆ. ಅಷ್ಟೇ ಬಂತು. ಕಣ್ಣು ಮಂದವಾಯಿತು, ಎಲ್ಲೋ ತಪ್ಪಿದ್ದೇನೆ ಎಂದು ನಿನಗೆ ಬರೆದೆ.

ಅದಕ್ಕೆ ನೀನು ಬರೆದ ಉತ್ತರ ಈಗ ನನ್ನ ಮುಂದೆಯೇ ಇದೆ. ನಿನ್ನ ಮಾತನ್ನೇ ಇಲ್ಲಿ ಇಳಿಸುತ್ತೇನೆ. “ನಿಮ್ಮ ಎಣಿಕೆ ಸರಿಯಾಗಿದೆ ಅಪ್ಪಾಜಿ. ಅಕ್ಷರ ತಪ್ಪುವುದಕ್ಕೆ ಕಣ್ಣಿಲ್ಲ, ಎಲ್ಲಿ ಬೇಕಾದರೂ ತಪ್ಪುತ್ತದೆ. ಕೆಂಪು ತಪ್ಪುಗಳು ನಾಲ್ಕರಲ್ಲಿ ಮೂರರ ಲೆಕ್ಕದಲ್ಲಿ ಆಗಿಯೇ ಇರುತ್ತವೆ. ಆದರೆ ಅವನ್ನು ಹೊತ್ತು ಹುಟ್ಟಿದವರಲ್ಲಿ ಬಹಳ ಮಂದಿ ಮಕ್ಕಳಾಗುವ ವಯಸ್ಸಿನವರೆಗೆ ಬದುಕಲಿಲ್ಲ. ಅದಕ್ಕೇ ಅವು ನಮ್ಮ ಹಾಳೆಗೆ ಬಂದಿಲ್ಲ. ನಾವು ಎಣಿಸುತ್ತಿರುವುದು ಉಳಿದವರನ್ನು ಮಾತ್ರ.”

ನೀನು ಇದನ್ನು ಪಾಠ ಹೇಳುವ ಹಾಗೆ ಬರೆದಿದ್ದೀಯೆ. ಬೇರೆ ಹೇಗೆ ಬರೆಯಬೇಕು ಎಂದು ನಿನಗೆ ಯಾರೂ ಹೇಳಿರಲಿಲ್ಲ. ನಾನು ಹಾಳೆ ಮಗುಚಿದೆ. ಹಿಂದಿನ ಪುಟದಲ್ಲಿ ನೀನೂ ಬಸವರಾಜಪ್ಪನೂ ಮದುವೆಯಾಗಬೇಕೆಂದು ಮಾತಾಡಿಕೊಂಡಿದ್ದೀರಿ ಎಂದು ಬರೆದಿದ್ದೆ. ‘ಸೋದರಮಾವನ ಮಗ, ನೀವು ಬೇಡ ಅನ್ನುವುದಿಲ್ಲ ಎಂಬ ಧೈರ್ಯ’ ಎಂದೂ ಇತ್ತು. ಒಂದೇ ಹಾಳೆಯ ಎರಡು ಮಗ್ಗುಲು, ಗಿರಿಜಾ. ನಾನು ಪಡಸಾಲೆಯಲ್ಲಿ ಹಾಗೇ ಕೂತುಬಿಟ್ಟೆ. ಸಣ್ಣತಿಮ್ಮಯ್ಯ ಬಂದು ಮೋಟಾರು ಹಾಕಲೇ ಎಂದು ಎರಡು ಸಲ ಕೇಳಿದನಂತೆ.

ಬಸವರಾಜಪ್ಪನ ಮೇಲೆ ನನಗೆ ಒಂದು ಗುಲಗಂಜಿಯಷ್ಟೂ ಬೇಸರವಿಲ್ಲ. ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿಕೊಂಡು ಊರೂರು ಸೈಕಲ್ ತುಳಿಯುವ ಹುಡುಗ, ನಮ್ಮ ಹಸು ಕರು ಹಾಕಲಾರದೆ ಒದ್ದಾಡಿದಾಗ ಊಟ ಬಿಟ್ಟು ಎದ್ದು ಬಂದವನು. ನಿಮ್ಮಿಬ್ಬರಿಗೂ ಇಷ್ಟ ಅಂದರೆ ಬೇಡ ಅನ್ನಲು ನಾನು ಯಾರು? ಈ ದಿನ ಬೆಳಿಗ್ಗೆ ಅವರಪ್ಪ, ನಿನ್ನ ಮಾವ, ಬಾಳೆಗೊನೆ ತಗೊಂಡು ಮಾಯಸಂದ್ರದಿಂದ ಬಂದಿದ್ದ. “ಮಾಘದಲ್ಲಿ ಮಾಡಿ ಮುಗ್ಸಾಣ ಭಾವ. ನಮ್ಮಕ್ಕ ಇದ್ದಿದ್ರೆ ಎಷ್ಟು ಖುಷಿ ಪಡೋಳು” ಎಂದ. ನಾನು ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ತಲೆಯಾಡಿಸಿದೆ. ಬಾಯಲ್ಲಿ ಎಲೆಯಡಿಕೆ ಇದ್ದರೆ ಮಾತಾಡಬೇಕಾಗಿಲ್ಲವಲ್ಲ. ಅವನು ಬಸ್ಸು ಹತ್ತಿದ ಮೇಲೆ, ಇನ್ನು ತಡ ಮಾಡಿದರೆ ನಾನು ಮನುಷ್ಯನೇ ಅಲ್ಲ ಎಂದುಕೊಂಡು ಈ ಹಾಳೆ ತೆಗೆದೆ.

ನಿನಗಿಂತ ಮೊದಲು ಹುಟ್ಟಿದ ನಿನ್ನ ಅಣ್ಣ ಗುರುಸಿದ್ಧ ಕಾಮಾಲೆಯಾಗಿ ತೀರಿಕೊಂಡ ಎಂದು ನಿನಗೆ ಹೇಳಿದ್ದೇವೆ. ಅದು ಕಾಮಾಲೆ ಅಲ್ಲ.

೧೯ ನವೆಂಬರ್, ಮಂಗಳವಾರ

ಮೊನ್ನೆ ಅಲ್ಲಿಗೇ ನಿಲ್ಲಿಸಿದೆ. ನಿನ್ನೆ ಶಾಲೆ, ಸಂಜೆ ಸಂಘದ ಸಭೆ ಎಂದು ನೆಪ ಸಿಕ್ಕಿತು. ಈ ದಿನ ಅರ್ಧ ದಿನ ರಜೆ ಹಾಕಿ ಕೂತಿದ್ದೇನೆ.

ಗುರುಸಿದ್ಧ ಹುಟ್ಟಿದಾಗ ಚೆನ್ನಾಗಿಯೇ ಇದ್ದ. ಆರು ತಿಂಗಳು ದಾಟಿದ ಮೇಲೆ ಬಿಳುಚಿಕೊಳ್ಳಲು ಶುರುವಾಯಿತು. ತುಟಿ, ಉಗುರು, ಕಣ್ಣಿನ ಒಳಗೆಲ್ಲ ಬಿಳಿ. ಹೊಟ್ಟೆ ಮುಂದಕ್ಕೆ ಬಂತು, ಕೈಕಾಲು ಕಡ್ಡಿ. ಎರಡು ವರ್ಷಕ್ಕೆ ಹೊಸಲು ದಾಟುವುದೇ ಅವನಿಗೆ ದೊಡ್ಡ ಕೆಲಸ. ತಾನು ಓಡಲಾರ ಎಂದು ಕರುವನ್ನೇ ತನ್ನ ಹತ್ತಿರ ಬರುವ ಹಾಗೆ ಅಭ್ಯಾಸ ಮಾಡಿಸಿದ್ದ. ಜಗಲಿಯ ಮೇಲೆ ಕೂತು ನಾಲಿಗೆಯಲ್ಲಿ ಟಕ್ ಟಕ್ ಎಂದರೆ ಅದು ಬಂದು ಅವನ ತೊಡೆಯ ಮೇಲೆ ಮೂತಿ ಇಡುತ್ತಿತ್ತು. ನಾಟಿ ಔಷಧ, ಎಡೆಯೂರಿನ ಹರಕೆ, ತಿಪಟೂರಿನ ಡಾಕ್ಟರು, ಎಲ್ಲ ಆಯಿತು. ಐವತ್ತೇಳನೆಯ ಇಸವಿಯಲ್ಲಿ ಬಾಣಸಂದ್ರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ನಾನು, ನಿನ್ನ ಅವ್ವ, ಮಗು, ಜೊತೆಗೆ ನಿನ್ನ ಅಜ್ಜಿ, ಅಂದರೆ ನನ್ನ ತಾಯಿ.

ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟರು, ಮದರಾಸಿನ ಕಡೆಯವರು. ಕನ್ನಡ ಬರುತ್ತಿರಲಿಲ್ಲ, ಮಾತೆಲ್ಲ ಇಂಗ್ಲಿಷು. ಮಗುವಿನ ರಕ್ತ, ನಮ್ಮಿಬ್ಬರ ರಕ್ತ ಎಲ್ಲ ತೆಗೆಸಿ ನೋಡಿ ಮೂರನೆಯ ದಿನ ಕರೆದರು. ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಇದು ಥಲಸೀಮಿಯಾ ಎಂಬ ರೋಗ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ತಂದೆಯಲ್ಲಿ ಒಂದು ಪಾಲು ದೋಷ, ತಾಯಿಯಲ್ಲಿ ಒಂದು ಪಾಲು. ಒಂದೊಂದೇ ಪಾಲು ಇರುವವರಿಗೆ ಗೊತ್ತೂ ಆಗುವುದಿಲ್ಲ, ಎರಡೂ ಒಂದೇ ಮಗುವಿಗೆ ಬಂದರೆ ಹೀಗೆ. ರಕ್ತ ಕೊಡುತ್ತಾ ಹೋಗಬಹುದು, ವಾಸಿಯಾಗುವುದಿಲ್ಲ. ನೀವಿಬ್ಬರೂ ಸಂಬಂಧಿಕರೇ ಎಂದು ಕೇಳಿದರು. ನಿನ್ನ ಅವ್ವ ನನ್ನ ಸೋದರತ್ತೆಯ ಮಗಳು, ಹೌದು ಎಂದೆ.

ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬ ಬಟಾಣಿ ಗಿಡದ ಪಾಠವನ್ನು ಅದೇ ವರ್ಷ ಕರಿಹಲಗೆಯ ಮೇಲೆ ಚೌಕ ಹಾಕಿ ಹೇಳಿಕೊಟ್ಟಿದ್ದವನು ನಾನು. ಡಾಕ್ಟರು ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಹೊರಗೆ ಬಂದಾಗ ನಿನ್ನ ಅಜ್ಜಿ, “ಏನಂದ್ರು ಕಣ್ಲಾ ಡಾಕ್ಟ್ರು?” ಎಂದಳು. ರಕ್ತದ ದೋಷವಂತೆ ಎಂದೆ. ಯಾರ ರಕ್ತ ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾದೆ.

ನಿನ್ನ ಅಜ್ಜಿಗೆ ಮಾಯಸಂದ್ರದ ನಾದಿನಿಯ ಮಗಳನ್ನು ತಂದುಕೊಳ್ಳುವುದು ಮೊದಲಿನಿಂದಲೂ ಇಷ್ಟವಿರಲಿಲ್ಲ. ನನ್ನ ಅಪ್ಪನೂ ಅತ್ತೆಯೂ, ಅಣ್ಣತಂಗಿ, ತೋಟ ಹೊರಗೆ ಹೋಗದಿರಲಿ ಎಂದು ನಾವು ಹುಟ್ಟುವ ಮೊದಲೇ ಮಾತು ಕೊಟ್ಟುಕೊಂಡಿದ್ದರು. ಅಜ್ಜಿಗೆ ಅದೇ ಕೋಪ, ಈಗ ಅದಕ್ಕೊಂದು ಕಾರಣ ಸಿಕ್ಕಿತು. “ಆ ಮಾಯಸಂದ್ರದೋರ ರಕ್ತಾನೇ ನೀರು ಕಣ್ಲಾ. ನಿಮ್ಮಪ್ಪನ ಮಾತಿಗೆ ಕಟ್ಟುಬಿದ್ದು ತಂದ್ಕೊಂಡೆ” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಮಗು ಹೋದದ್ದು ಮರುವರ್ಷ ಶಿವರಾತ್ರಿ ಕಳೆದು ಮೂರು ದಿನಕ್ಕೆ. ಆಮೇಲೂ ಆ ಮಾತು ನಿಲ್ಲಲಿಲ್ಲ. ನಿನ್ನ ಅವ್ವ ತಲೆ ತಗ್ಗಿಸಿ ರೊಟ್ಟಿ ತಟ್ಟುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಅದರಲ್ಲಿ ಅರ್ಧ ನನ್ನದು ಎಂದು ಒಂದು ದಿನವಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನಾನು ಶಾಲೆಯಲ್ಲಿ ವಿಜ್ಞಾನ, ಮನೆಯಲ್ಲಿ ಹೇಡಿ. ನಮ್ಮ ವಂಶದಲ್ಲಿ ಮೊದಲು ಬಿ.ಎಸ್ಸಿ. ಮಾಡಿದವನು, ಬಂಗಾರದಂಥ ಮಗ, ಅವನ ರಕ್ತದಲ್ಲೂ ದೋಷ ಅಂದರೆ ಊರಲ್ಲಿ ಹೇಗೆ ತಲೆ ಎತ್ತಲಿ ಎಂಬ ಭಯ. ಇಷ್ಟು ಸಣ್ಣ ಭಯ ಗಿರಿಜಾ, ಇಪ್ಪತ್ತೆಂಟು ವರ್ಷಕ್ಕೆ ಸಾಕಾಯಿತು.

ನಿನ್ನ ಗೈಡು ಹಿಮೋಗ್ಲೋಬಿನ್ ಜೀನನ್ನೇ ಆರಿಸಿಕೊಟ್ಟರು ಎಂದು ನೀನು ಹೇಳಿದ ದಿನ, ಬೇರೆ ಯಾವ ಪ್ರೋಟೀನೂ ಇರಲಿಲ್ಲವೇ ಎಂದು ಕೇಳಿದೆ, ನೀನು ನಕ್ಕೆ. ಆಮೇಲೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸುವಾಗ, ಇದರಲ್ಲಿ ಎಲ್ಲಿರಬಹುದು ನಮ್ಮ ಮನೆಯ ತಪ್ಪು ಎಂದು ಹುಡುಕುತ್ತಿದ್ದೆ. ಹುಚ್ಚು. ಎಲ್ಲಿದೆ ಎಂದು ಹಾಳೆ ನೋಡಿ ಹೇಳಲಾಗುವುದಿಲ್ಲ. ಒಂದೇ ಅಕ್ಷರ ಬದಲಾಗಿ, ಅಮೈನೋ ಆಮ್ಲದ ಬದಲು ‘ಇಲ್ಲಿಗೆ ನಿಲ್ಲಿಸು’ ಎಂಬ ಅಪ್ಪಣೆಯಾಗಿ, ಪ್ರೋಟೀನು ಅರ್ಧಕ್ಕೇ ನಿಂತುಹೋಗುವುದೂ ಉಂಟು ಎಂದು ನೀನೇ ಹೇಳಿದ್ದೆ. ಅಂಥದ್ದಿರಬಹುದು, ಬೇರೆ ಏನೋ ಇರಬಹುದು. ನನ್ನ ತಾತನಿಂದ ಅಪ್ಪನಿಗೂ ಅತ್ತೆಗೂ ಬಂದಿರಬೇಕು. ಒಂದು ಪಾಲು ಇರುವವರನ್ನು ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲವಂತೆ, ಅದಕ್ಕೇ ಇಂಥ ತಪ್ಪು ಅಳಿಯದೆ ನಿಲ್ಲುತ್ತದಂತೆ. ಕೆರೆ ಕೆಳಗಿನ ನಮ್ಮೂರಲ್ಲಿ ಮನೆಮನೆಗೂ ಚಳಿಜ್ವರ ಬಂದ ಕಾಲದಲ್ಲಿ ನನ್ನ ತಾತ ಗಟ್ಟಿಯಾಗಿ ಓಡಾಡಿಕೊಂಡಿದ್ದ ಎಂದು ಅಪ್ಪ ಹೊಗಳುತ್ತಿದ್ದ. ತಾತನನ್ನು ಉಳಿಸಿದ್ದೂ ಅದೇ ಏನೋ, ಗುರುಸಿದ್ಧನನ್ನು ತಿಂದದ್ದಂತೂ ಅದೇ. ಆ ತಪ್ಪಿಗೆ ಯಾರ ಮೇಲೂ ಕೋಪವಿಲ್ಲ, ಪ್ರೀತಿಯೂ ಇಲ್ಲ. ನಿನ್ನ ಹಾಳೆಯಲ್ಲಿ ಕಾಣದ ಕೆಂಪು ಗುರುತುಗಳಲ್ಲಿ ಒಂದಕ್ಕೆ ಹೆಸರಿತ್ತು, ಕರುವನ್ನು ಕರೆಯಲು ಬರುತ್ತಿತ್ತು ಎಂದು ನಿನಗೆ ಹೇಳಬೇಕೆನಿಸಿತು.

ಈಗ ನೀನು ಮಾಡಬೇಕಾದ ಕೆಲಸ. ನಿನ್ನ ಅವ್ವನಲ್ಲಿ ಒಂದು ಪಾಲು ಇತ್ತು, ನನ್ನಲ್ಲಿ ಒಂದು ಪಾಲು ಇದೆ. ನೀನು ಆರೋಗ್ಯವಾಗಿದ್ದೀಯೆ, ಆದರೂ ನಿನ್ನಲ್ಲಿ ಒಂದು ಪಾಲು ಇರುವ ಸಂಭವ ಮೂರರಲ್ಲಿ ಎರಡು. ಬಸವರಾಜಪ್ಪನ ಅಪ್ಪ ನಿನ್ನ ಅವ್ವನ ಸ್ವಂತ ತಮ್ಮ, ಅವನ ಕಡೆಯಿಂದ ಹುಡುಗನಿಗೂ ಬಂದಿರಬಹುದು, ಬಾರದೆಯೂ ಇರಬಹುದು. ನೀವಿಬ್ಬರೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ, ಥಲಸೀಮಿಯಾಕ್ಕೆಂದು ಹೇಳಿಯೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸಾಧಾರಣ ಪರೀಕ್ಷೆ ಸಾಲದು. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಎಂದು ಬಂದರೂ ಸಾಕು, ಮಾಘದಲ್ಲಿ ನಾನೇ ನಿಂತು ಚಪ್ಪರ ಹಾಕಿಸುತ್ತೇನೆ. ಇಬ್ಬರಿಗೂ ಇದೆ ಎಂದರೆ ನಿಮ್ಮ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಗುರುಸಿದ್ಧನ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆಗ ಏನು ಮಾಡಬೇಕೆಂದು ನೀವಿಬ್ಬರೇ ಕೂತು ತೀರ್ಮಾನಿಸಿ. ನಾನು ಬೇಡ ಅನ್ನುವುದಿಲ್ಲ, ಮಾಡಿಕೊಳ್ಳಿ ಎಂದೂ ಅನ್ನುವುದಿಲ್ಲ. ತಿಳಿದು ಮಾಡಿ, ಅಷ್ಟೇ. ಈ ಕಾಗದವನ್ನು ಬಸವರಾಜಪ್ಪನಿಗೂ ಓದಲು ಕೊಡು. ಅವರಪ್ಪನಿಗೆ ನಾನೇ ಮಾಯಸಂದ್ರಕ್ಕೆ ಹೋಗಿ ಹೇಳುತ್ತೇನೆ. ಅವನ ಅಕ್ಕನ ಮೇಲೆ ನಮ್ಮ ಮನೆ ಹೊರಿಸಿದ ಅಪವಾದದಲ್ಲಿ ಅರ್ಧ ನನಗೆ ಸೇರಿದ್ದು ಎಂದು ಅವನಿಗಾದರೂ ಹೇಳಬೇಕು. ಅವಳಿಗೆ ಹೇಳಬೇಕಿತ್ತು. ಅವಳು ಹೋಗಿ ನಾಲ್ಕು ವರ್ಷವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಹಾಸ್ಟೆಲಿನ ಸಾರು ನೀರು ಎಂದು ಬಿಸ್ಕತ್ತಿನ ಮೇಲೆ ಬದುಕಬೇಡ. ಕೊಬ್ಬರಿ ಸುಲಿಸಿದ ಮೇಲೆ ಚಟ್ನಿಪುಡಿ ಮಾಡಿಸಿ ಯಾರ ಕೈಲಾದರೂ ಕಳಿಸುತ್ತೇನೆ. ಎಡೆಯೂರು ಸಿದ್ಧಲಿಂಗೇಶ್ವರ ನಿನ್ನನ್ನೂ ಆ ಹುಡುಗನನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಓದು ಮುಂದುವರಿಯಲಿ, ನಿನ್ನ ಮನೆಯಲ್ಲಿ ಯಾರೂ ಮಾತು ನುಂಗಿಕೊಂಡು ಬದುಕದಿರಲಿ.

ಇಂತಿ ನಿನ್ನ ಅಪ್ಪ,
ತೋಂಟದಾರ್ಯ

ಮ.ವಿ.: ಕವರಿಗೆ ಗೋಂದು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಇಷ್ಟೆಲ್ಲ ಬರೆದ ಮೇಲೂ ಅದನ್ನು ಬಚ್ಚಿಟ್ಟುಕೊಳ್ಳಲು ನೋಡಿದೆನಲ್ಲ ಎಂದು ನನಗೇ ಹೇಸಿಗೆಯಾಯಿತು.

ಅಂದು ಆಸ್ಪತ್ರೆಯ ಜಗಲಿಯಲ್ಲಿ ನಾನು ಸುಮ್ಮನಾಗಲಿಲ್ಲ. ರಕ್ತದ ದೋಷ ಎಂದಾಗ ನಿನ್ನ ಅಜ್ಜಿ, “ಯಾರ್ ಕಡೆದಂತೆ?” ಎಂದು ಕೇಳಿದಳು. ನಿನ್ನ ಅವ್ವ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರ ಇಂಗ್ಲಿಷು ಅವರಿಬ್ಬರಿಗೂ ಬರುತ್ತಿರಲಿಲ್ಲ, ನಾನು ಹೇಳಿದ್ದೇ ಸತ್ಯ. “ತಾಯಿ ಕಡೆಯಿಂದ ಬಂದದ್ದಂತೆ” ಎಂದೆ. ನಿನ್ನ ಅವ್ವ ಮಗುವಿನ ತಲೆಗೆ ಸೆರಗು ಹೊದಿಸಿದಳು. ಡಾಕ್ಟರೇ ಹೇಳಿದ್ದಾರೆ ಎಂದು ನಂಬಿದಳು, ಸಾಯುವವರೆಗೂ ನಂಬಿದಳು.

ಅವಳ ಮಣ್ಣು ಮುಗಿಸಿ ಬಂದ ದಿನ ನೀನು ತುಳಸಿಕಟ್ಟೆಯ ಹತ್ತಿರ ನನ್ನನ್ನು ಕೇಳಿದೆ, ‘ಅವ್ವ ನನ್ನನ್ನು ಯಾವತ್ತೂ ಮಡಿಲಿಗೆ ಎಳೆದುಕೊಳ್ಳಲಿಲ್ಲವಲ್ಲ ಅಪ್ಪಾಜಿ, ನಾನು ಅವಳಿಗೆ ಯಾಕೆ ಬೇಡವಾಗಿದ್ದೆ?’ ಎಂದು. ಅವಳ ಸ್ವಭಾವವೇ ಹಾಗೆ ಎಂದುಬಿಟ್ಟೆ. ಗಿರಿಜಾ, ಅವಳ ಸ್ವಭಾವ ಹಾಗಿರಲಿಲ್ಲ. ಗುರುಸಿದ್ಧನನ್ನು ಅವಳು ಕೆಳಗೆ ಇಳಿಸಿದ್ದನ್ನೇ ನಾನು ನೋಡಿಲ್ಲ. ನೀನು ಹುಟ್ಟಿದ ಎರಡನೆಯ ದಿನ ಸೂಲಗಿತ್ತಿ ಪುಟ್ಟಗಂಗಮ್ಮ ಹೊರಗೆ ಬಂದು ನನಗೆ ಹೇಳಿದಳು: “ಹಾಲು ಕಟ್ಟಿ ಎದೆ ಕಲ್ಲಾಗೈತೆ ಸ್ವಾಮಿ, ಜ್ವರ ಕಾಯ್ತಾ ಐತೆ. ಆದ್ರೂ ಮಗೀನ ಹತ್ರಕ್ಕೆ ಬಿಟ್ಕೊಳ್ಳಲ್ಲ. ಹಾಲಾದ್ರೂ ನನ್ನ ರಕ್ತಾನೇ, ಒಂದು ತೊಟ್ಟೂ ಇದಕ್ಕೆ ಬ್ಯಾಡ, ಇದಾದ್ರೂ ಉಳೀಲಿ ಅಂತ ಗೋಡೆ ಕಡೀಕೆ ತಿರುಗಿ ಮಲಗವ್ರೆ.” ನೀನು ಬೇಡವಾಗಿ ದೂರ ಇಟ್ಟದ್ದಲ್ಲ ಮಗಳೇ. ಬೇಕಾಗಿದ್ದಕ್ಕೆ.

ಹಾಲು ಬತ್ತಿಸಬೇಕಾದರೆ ಎದೆಗೆ ಮಲ್ಲಿಗೆ ಹೂವು ಕಟ್ಟುತ್ತಾರೆ. ದಿನಾ ಹೊಸ ಹೂವು ಬೇಕು ಎಂದು ಪುಟ್ಟಗಂಗಮ್ಮ ಕೇಳಿದಳು. ಒಳಗೆ ಹೋಗಿ ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಲಿಲ್ಲ. ಐದು ದಿನ, ಬೆಳಿಗ್ಗೆ ಎದ್ದು ಪೇಟೆಗೆ ಹೋಗಿ, ಮಲ್ಲಿಗೆ ತಂದುಕೊಟ್ಟೆ.